ಕಾಲು ಜಾರಿ ಬಿದ್ದವರ ಸುದ್ದಿ, ಈಜಿ ದಡ ಸೇರಿದವರ ಕಥೆ

ನನ್ನ ಮೊಬೈಲಿನಲ್ಲಿ ‘ಕಾಲು’ ಎಂದು ಟೈಪ್ ಮಾಡಿದರೆ ಸಾಕು. ‘ಜಾರಿ’, ‘ನೀರಿಗೆ’, ‘ಬಿದ್ದು’, ‘ಮೃತಪಟ್ಟಿದ್ದಾರೆ’ ಎಂದು ಮುಂದಿನ ಪದಗಳನ್ನು ಕೀಬೋರ್ಡೇ ಸಾಲಾಗಿ ತೋರಿಸುತ್ತದೆ. ಆ ವಾಕ್ಯವನ್ನು ಅಷ್ಟು ಸಲ ಬರೆದಿದ್ದೇನೆ.

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲಿ ಸ್ಟ್ರಿಂಗರ್ ಆಗಿ ಹನ್ನೊಂದು ವರ್ಷವಾಯಿತು. ಬೇಸಿಗೆ ರಜೆ ಶುರುವಾದರೆ ತಲಕಾಡು, ತಿರುಮಕೂಡಲು ಸಂಗಮ, ಪಕ್ಕದ ಮಂಡ್ಯ ಜಿಲ್ಲೆಯ ಬಲಮುರಿ. ಮಳೆಗಾಲ ಬಂದರೆ ತುಂಬಿದ ಕೆರೆ. ನಾಲೆಗೆ ನೀರು ಬಿಟ್ಟರೆ ನಾಲೆ. ಈಚೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳೂ ಸೇರಿಕೊಂಡಿವೆ. ಠಾಣೆಯಿಂದ ಹೆಸರು, ವಯಸ್ಸು, ಊರು ಕೇಳಿ ಬರೆದುಕೊಳ್ಳಬೇಕು, ನಾಲ್ಕು ವಾಕ್ಯ ಮಾಡಿ ಡೆಸ್ಕಿಗೆ ಕಳಿಸಬೇಕು. ಒಬ್ಬರೇ ಆದರೆ ಒಳಪುಟದಲ್ಲಿ ಒಂದು ಮೂಲೆ. ಮೂವರಾದರೆ ಫೋಟೊ ಕೇಳುತ್ತಾರೆ.

ಮೂವರು ಹೋಗುವುದು ಹೇಗೆ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ಒಗೆಯುತ್ತಿದ್ದ ತಾಯಿ ಜಾರುತ್ತಾಳೆ. ಅವಳನ್ನು ಹಿಡಿಯಲು ಮಗಳು ಇಳಿಯುತ್ತಾಳೆ, ಅವಳ ಹಿಂದೆ ಓರಗಿತ್ತಿ. ಮೂವರಿಗೂ ಈಜು ಬರುವುದಿಲ್ಲ. ನಾನು ಬರೆಯುವ ನಾಲ್ಕು ವಾಕ್ಯಗಳಲ್ಲಿ ಈ ಕೊನೆಯ ಮಾತಿಗೆ ಯಾವತ್ತೂ ಜಾಗ ಸಿಕ್ಕಿಲ್ಲ.

ನನಗೂ ಈಜು ಬರುತ್ತಿರಲಿಲ್ಲ. ನಮ್ಮೂರು ಬನ್ನೂರಿನ ಕಡೆ, ಗದ್ದೆಯ ಸೀಮೆ. ಮನೆಯ ಹಿತ್ತಲಿಂದ ನೂರು ಹೆಜ್ಜೆ ಹಾಕಿದರೆ ನಾಲೆ. ಅಣ್ಣ ಏಳನೇ ವಯಸ್ಸಿಗೇ ಬೆನ್ನಿಗೆ ಬೆಂಡು ಕಟ್ಟಿಕೊಂಡು ಮಾವನ ಬಾವಿಗೆ ಬಿದ್ದು, ಒಂದು ಬೇಸಿಗೆಯಲ್ಲಿ ಈಜು ಕಲಿತ. ಅವನ ಜೊತೆಯ ಹುಡುಗರೆಲ್ಲ ಕಲಿತರು. ನಾವು ಹುಡುಗಿಯರು ಬಾವಿಯ ಕಟ್ಟೆ ಮೇಲೆ ಅವರ ಅಂಗಿ ಚಡ್ಡಿ ಕಾಯುತ್ತಾ ಕೂತಿರುತ್ತಿದ್ದೆವು. ನಮಗೂ ಕಲಿಸಿ ಎಂದು ಕೇಳಬಹುದು ಎನ್ನುವುದೇ ಹೊಳೆದಿರಲಿಲ್ಲ.

1999ರಲ್ಲಿ ನನಗೆ ಎಂಟು ವರ್ಷ. ಆ ವರ್ಷ ನಮ್ಮ ಚಿಕ್ಕಮ್ಮ ನಾಲೆಯಲ್ಲಿ ಹೋದರು. ತೇಲಿಹೋಗುತ್ತಿದ್ದ ಒಂದು ಸೀರೆಗೆ ಕೈ ಚಾಚಿದ್ದಷ್ಟೇ. ಮೆಟ್ಟಿಲ ಮೇಲೆ ಐದಾರು ಹೆಂಗಸರಿದ್ದರು, ನಾನೂ ಇದ್ದೆ. ಯಾರೂ ಇಳಿಯಲಿಲ್ಲ, ಇಳಿಯದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಎಲ್ಲರೂ ಕೂಗಿದರು. ಗದ್ದೆಯಲ್ಲಿದ್ದ ಗಂಡಸರು ಓಡಿಬರುವಷ್ಟರಲ್ಲಿ ತೂಬಿನ ಹತ್ತಿರ ಸೀರೆ ಮಾತ್ರ ಸಿಕ್ಕಿಹಾಕಿಕೊಂಡಿತ್ತು. ನನಗೆ ಈಗಲೂ ನೆನಪಿರುವುದು ಒಂದೇ: ನಾವೆಲ್ಲ ಕೂಗುತ್ತಿದ್ದೆವು, ಚಿಕ್ಕಮ್ಮ ಮಾತ್ರ ಕೂಗಲಿಲ್ಲ. ಅವತ್ತಿನಿಂದ ಅವ್ವ ನನ್ನನ್ನು ನೀರಿನ ಹತ್ತಿರಕ್ಕೆ ಬಿಡಲಿಲ್ಲ. ಅಣ್ಣನನ್ನು ತಡೆಯಲಿಲ್ಲ.

ಇನ್ನು 2024ರ ಜುಲೈಗೆ ಬರುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್ ಹೊತ್ತು. ಬೆಂಗಳೂರಿನ 14 ವರ್ಷದ ಹುಡುಗಿ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್‌ಗೆ ಹೋಗಿದ್ದಳು. ಇಡೀ ಭಾರತ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು. ‘ಮೈಸೂರಿನ ಈಜುಕೊಳಗಳಲ್ಲಿ ಮಕ್ಕಳ ಉತ್ಸಾಹ ಹೇಗಿದೆ, ಒಂದು ಸೈಡ್ ಸ್ಟೋರಿ ಕೊಡಿ’ ಎಂದರು ಡೆಸ್ಕಿನವರು. ಕ್ರೀಡೆ ನನ್ನ ಕ್ಷೇತ್ರವಲ್ಲ. ಹಳೆಯದನ್ನು ಓದಿಕೊಳ್ಳೋಣ ಎಂದು ಕೂತೆ. ಅದೇ 200 ಮೀಟರ್ ಫ್ರೀಸ್ಟೈಲಿನಲ್ಲಿ, 24 ವರ್ಷ ಮೊದಲು ಬೆಂಗಳೂರಿನದೇ ಇನ್ನೊಬ್ಬ ಹುಡುಗಿ ಈಜಿದ್ದಳು ಎಂದು ತಿಳಿಯಿತು. 2000ದ ಸಿಡ್ನಿ ಒಲಿಂಪಿಕ್ಸ್. ನಿಶಾ ಮಿಲೆಟ್.

ಹೆಸರು ಕೇಳಿದ್ದೆ, ಕಥೆ ಗೊತ್ತಿರಲಿಲ್ಲ. ಓದುತ್ತಾ ಹೋದಾಗ ಪದಕಗಳ ಲೆಕ್ಕಕ್ಕಿಂತ ಮೊದಲೇ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಐದನೇ ವಯಸ್ಸಿನಲ್ಲಿ ಈಕೆ ನೀರಿನಲ್ಲಿ ಮುಳುಗಿ, ಸ್ವಲ್ಪದರಲ್ಲಿ ಬದುಕಿಕೊಂಡವರು.

ಅಂದರೆ ನನ್ನ ನಾಲ್ಕು ವಾಕ್ಯಗಳ ಸುದ್ದಿ ಆಗಬೇಕಿದ್ದ ಮಗು.

ಅದಾದ ಮೇಲೆ ಆ ಮಗುವಿಗೆ ನೀರೆಂದರೆ ಭಯ. ಸಹಜ. ಇಲ್ಲಿಂದ ಮುಂದೆ ಕಥೆ ಎರಡು ದಾರಿ ಹಿಡಿಯಬಹುದಿತ್ತು. ನಮ್ಮವ್ವ ಹಿಡಿದದ್ದು ಒಂದು ದಾರಿ. ನಿಶಾ ಅವರ ಅಪ್ಪ ಆಬ್ರಿ ಮಿಲೆಟ್ ಇನ್ನೊಂದು ಹಿಡಿದರು. ಮಗಳ ಭಯ ಬಿಡಿಸಲೇಬೇಕು ಎಂದು ಅವಳನ್ನು ನೀರಿಗೇ ಕರೆದುಕೊಂಡು ಹೋದರು. ಹುಟ್ಟಿದ್ದು ಬೆಂಗಳೂರಿನಲ್ಲಿ, 1982ರಲ್ಲಿ. ಆದರೆ ಈಜು ಕಲಿತದ್ದು ಚೆನ್ನೈನ ಶೆಣೈ ನಗರದ ಕೊಳದಲ್ಲಿ, 1991ರಲ್ಲಿ. ಆಗ ವಯಸ್ಸು ಒಂಬತ್ತು. ಈಜಿನ ಲೋಕದಲ್ಲಿ ಇದೇನೂ ಬೇಗ ಅಲ್ಲ, ಮಕ್ಕಳು ನಾಲ್ಕೈದಕ್ಕೇ ಶುರುಮಾಡುತ್ತಾರೆ. ಆದರೆ ಮರುವರ್ಷವೇ, 1992ರಲ್ಲಿ, ರಾಜ್ಯ ಮಟ್ಟದ ಕೂಟದಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಪದಕ. ಹನ್ನೆರಡು ವರ್ಷಕ್ಕೆಲ್ಲ ದೊಡ್ಡವರ ರಾಷ್ಟ್ರೀಯ ಕೂಟದಲ್ಲಿ ಚಿನ್ನ.

1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್. 1999ರಲ್ಲಿ ಮಣಿಪುರದ ಇಂಫಾಲದಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅಲ್ಲಿ ನಿಶಾ ಒಬ್ಬರೇ ಗೆದ್ದದ್ದು 14 ಚಿನ್ನ. ಇದನ್ನು ಓದಿದಾಗ ಇಸವಿಯನ್ನು ಇನ್ನೊಮ್ಮೆ ನೋಡಿದೆ. 1999. ನಮ್ಮ ನಾಲೆಯ ಮೆಟ್ಟಿಲ ಮೇಲೆ ಐದಾರು ಹೆಂಗಸರು ಕೂಗುತ್ತಾ ನಿಂತಿದ್ದ ವರ್ಷವೇ ಇದೇ ರಾಜ್ಯದಲ್ಲಿ ಹುಟ್ಟಿದ ಹದಿನಾರರ ಹುಡುಗಿ ಹದಿನಾಲ್ಕು ಚಿನ್ನ ಗೆದ್ದಿದ್ದಳು. ಎರಡಕ್ಕೂ ಏನೂ ಸಂಬಂಧವಿಲ್ಲ, ಗೊತ್ತು. ಆದರೂ ಆ ರಾತ್ರಿ ಸೈಡ್ ಸ್ಟೋರಿ ಬರೆಯಲಾಗಲಿಲ್ಲ.

ಸಿಡ್ನಿಗೆ ಹೋದಾಗ ನಿಶಾಗೆ 18. ಭಾರತದ ಈಜು ತಂಡದಲ್ಲಿದ್ದ ಒಬ್ಬಳೇ ಹೆಣ್ಣುಮಗಳು. ಅಲ್ಲಿ ತಮ್ಮ ಹೀಟ್ ಗೆದ್ದರು, ಆದರೆ ಸೆಮಿಫೈನಲ್ ತಲುಪಲಿಲ್ಲ. ಗೆದ್ದವರು ಮುಂದೆ ಹೋಗದಿರುವುದು ಹೇಗೆ ಎಂದು ನನಗೂ ಗೊಂದಲವಾಗಿತ್ತು. ಈಜಿನಲ್ಲಿ ಹೀಗೆ: ಹಿಂದಿನ ಸಮಯ ನೋಡಿ ಈಜುಗಾರರನ್ನು ಗುಂಪು ಗುಂಪಾಗಿ ಬಿಡುತ್ತಾರೆ, ಅದೇ ಹೀಟ್. ಎಲ್ಲ ಹೀಟ್‌ಗಳೂ ಮುಗಿದ ಮೇಲೆ ಗಡಿಯಾರ ನೋಡಿ, ಒಟ್ಟಾರೆ ವೇಗದ 16 ಮಂದಿಯನ್ನು ಸೆಮಿಫೈನಲ್‌ಗೆ ಆರಿಸುತ್ತಾರೆ. ಪಕ್ಕದ ಸಾಲಿನವರನ್ನು ಸೋಲಿಸಿದರೆ ಸಾಲದು, ಕಣ್ಣಿಗೆ ಕಾಣದವರನ್ನೂ ಸೋಲಿಸಬೇಕು.

ಆ ವರ್ಷ ಅರ್ಜುನ ಪ್ರಶಸ್ತಿ ಬಂತು. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ. ಅದರಿಂದಲೂ ಎದ್ದು ಬಂದು 2004ರ ಅಥೆನ್ಸ್‌ಗೆ ಪ್ರಯತ್ನಿಸಿದರು. ಒಂದು ಸೆಕೆಂಡಿನ ಚೂರಿನಲ್ಲಿ ತಪ್ಪಿತು. ಆಮೇಲೆ ಸ್ಪರ್ಧೆ ಬಿಟ್ಟರು. ಖರ್ಚು ತೂಗಿಸುವುದೂ ಕಷ್ಟವಾಗಿತ್ತು. ಈಗ ಬೆಂಗಳೂರಿನಲ್ಲಿ ಈಜು ಕಲಿಸುತ್ತಾರೆ. ಓದಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಸೈಡ್ ಸ್ಟೋರಿ ಹೇಗೋ ಬರೆದು ಕೊಟ್ಟೆ. ಎಂಟು ತಿಂಗಳು ಕಳೆದು, ನಗರದ ಒಂದು ಈಜುಕೊಳದಲ್ಲಿ ಹೆಂಗಸರ ಬೆಳಗಿನ ಬ್ಯಾಚಿಗೆ ಹೆಸರು ಬರೆಸಿದೆ. ವಯಸ್ಸು 34.

ಮೊದಲ ವಾರದ ಸಂಗತಿ ಜಾಸ್ತಿ ಹೇಳುವುದಿಲ್ಲ. ಈಜುಡುಗೆ ತೊಟ್ಟು ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರಲು ನನಗೆ ಹತ್ತು ನಿಮಿಷ ಬೇಕಾಯಿತು. ನನ್ನ ಪಕ್ಕದ ಸಾಲಿನಲ್ಲಿ ಆರು ವರ್ಷದ ಪೋರಿಯೊಬ್ಬಳು ಮೀನಿನ ಹಾಗೆ ಹೋಗಿ ಬಂದು, ‘ಆಂಟಿ, ಯಾಕೆ ಕಂಬಿ ಹಿಡ್ಕೊಂಡೇ ಇದೀರ?’ ಎಂದು ಕೇಳಿದಳು. ಉತ್ತರ ಕೊಡಲಿಲ್ಲ.

ಕಲಿಸುವ ಅಕ್ಕ ಒಳ್ಳೆಯವರು. ‘ನೀವು ಉಸಿರು ಹಿಡಿದುಕೊಳ್ತಾ ಇದೀರ, ಅದೇ ತೊಂದರೆ’ ಎಂದರು. ನೀರಿನಲ್ಲಿ ಉಸಿರು ಹಿಡಿಯುವುದೇ ಸರಿ ಎಂದು ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಮುಖ ನೀರಿನೊಳಗಿರುವಾಗ ಮೂಗು ಬಾಯಿಂದ ಗುಳುಗುಳು ಎಂದು ನಿಧಾನವಾಗಿ ಉಸಿರು ಬಿಡುತ್ತಿರಬೇಕು. ಪಕ್ಕಕ್ಕೆ ತಿರುಗಿದಾಗ ಬಾಯಿಂದ ಎಳೆದುಕೊಳ್ಳಬೇಕು, ಅಷ್ಟೇ. ಹಿಡಿದಿಟ್ಟುಕೊಂಡರೆ ಮೇಲೆ ಬಂದ ಆ ಒಂದು ಗಳಿಗೆಯಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು. ಆಗುವುದಿಲ್ಲ, ಗಾಬರಿ ಆಗುತ್ತದೆ, ನೀರು ಕುಡಿಯುತ್ತೇವೆ. ದೂರ ಈಜುವವರ ಗುಟ್ಟೂ ಇದೇ ಎಂದರು ಅಕ್ಕ. ಅವರಿಗೆ ತೋಳಿನ ಬಲಕ್ಕಿಂತ ಉಸಿರಿನ ಲಯ ಮುಖ್ಯ. ಕಾಲನ್ನೂ ಹೆಚ್ಚು ಬಡಿಯುವುದಿಲ್ಲ. 50 ಮೀಟರ್ ಓಟದವರು ಎರಡು ಕೈ ಬೀಸುವಷ್ಟರಲ್ಲಿ ಆರು ಸಲ ಕಾಲು ಬಡಿದರೆ, ದೂರದವರು ಎರಡೇ ಸಲ ಬಡಿದು ಶಕ್ತಿ ಉಳಿಸಿಕೊಳ್ಳುತ್ತಾರೆ. ಸಂತೆಗೆ ನಡೆದು ಹೋಗುವವರ ಹಾಗೆ.

ಎಷ್ಟು ದೂರ ಈಜಿದರೆ ದೂರ ಎನ್ನುತ್ತಾರೆ? ನಿಶಾ ಈಜಿದ 200 ಮೀಟರ್ ಎಂದರೆ 50 ಮೀಟರಿನ ಕೊಳದಲ್ಲಿ ನಾಲ್ಕು ಉದ್ದ. ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ, ಶ್ವಾಸಕೋಶ ಸುಡುವ ಮಧ್ಯದ ದೂರ. ಕೊಳದೊಳಗಿನ ಅತಿ ಉದ್ದದ ಸ್ಪರ್ಧೆ 1500 ಮೀಟರ್, 30 ಉದ್ದ. ಒಲಿಂಪಿಕ್ಸ್‌ನಲ್ಲಿ ಗಂಡಸರು ಇದನ್ನು ನೂರಕ್ಕೂ ಹೆಚ್ಚು ವರ್ಷದಿಂದ ಈಜುತ್ತಿದ್ದಾರೆ. ಹೆಂಗಸರಿಗೆ 800 ಮೀಟರೇ ಕೊನೆ ಎಂದು ಇಟ್ಟಿದ್ದರು. 1500ಕ್ಕೆ ಅವರನ್ನು ಬಿಟ್ಟದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಬಾವಿಯ ಕಟ್ಟೆ ಮೇಲೆ ಕೂರಿಸುವುದು ನಮ್ಮೂರಿನವರು ಮಾತ್ರವಲ್ಲ ಎಂದು ಗೊತ್ತಾಗಿ ಸ್ವಲ್ಪ ನಗು ಬಂತು.

ಆದರೆ ಇದಕ್ಕೂ 62 ವರ್ಷ ಮೊದಲೇ ನಮ್ಮ ದೇಶದ ಒಬ್ಬ ಹುಡುಗಿ ಇವರೆಲ್ಲರ ಲೆಕ್ಕ ತಲೆಕೆಳಗು ಮಾಡಿದ್ದಳು. ಆರತಿ ಸಾಹಾ. ಕನ್ನಡದವರಲ್ಲ, ಕಲ್ಕತ್ತೆಯವರು. ದೂರದ ಈಜು ಎಂದಮೇಲೆ ಇವರನ್ನು ಬಿಟ್ಟು ಮುಂದೆ ಹೋಗಲಾಗದು.

1940ರಲ್ಲಿ ಹುಟ್ಟು. ಎರಡೂವರೆ ವರ್ಷಕ್ಕೆ ತಾಯಿ ತೀರಿಕೊಂಡರು, ಸಾಕಿದ್ದು ಅಜ್ಜಿ. ನಾಲ್ಕು ವರ್ಷದವಳಿದ್ದಾಗ ಚಿಕ್ಕಪ್ಪನ ಜೊತೆ ಸ್ನಾನಘಟ್ಟಕ್ಕೆ ಹೋಗುತ್ತಿದ್ದಳು, ಅಲ್ಲೇ ಕೈಕಾಲು ಬಡಿದು ಈಜು ಕಲಿತಳು. ನಮ್ಮ ಹಳ್ಳಿ ಹುಡುಗರು ಕಲಿಯುವ ಹಾಗೇ. ಮಗಳ ಆಸಕ್ತಿ ಕಂಡು ಅಪ್ಪ ಹಾಟ್‌ಖೋಲಾ ಈಜು ಕ್ಲಬ್ಬಿಗೆ ಸೇರಿಸಿದರು. ಐದು ವರ್ಷಕ್ಕೆ ಮೊದಲ ಚಿನ್ನ. ಹನ್ನೊಂದು ವರ್ಷಕ್ಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್! 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆ ಈಜು.

ಆಮೇಲೆ ಇಂಗ್ಲಿಷ್ ಕಡಲ್ಗಾಲುವೆಯ ಹುಚ್ಚು ಹಿಡಿಯಿತು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವಿನ ಈ ಸಮುದ್ರ ತೀರಾ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್, ಮೈಸೂರಿನಿಂದ ತಿ. ನರಸೀಪುರಕ್ಕೆ ಇರುವಷ್ಟು. ಆದರೆ ಸಮುದ್ರ ರಸ್ತೆಯಲ್ಲ. ಉಬ್ಬರ ಇಳಿತದ ಸೆಳೆತ ಈಜುಗಾರರನ್ನು ಪಕ್ಕಕ್ಕೆ ತಳ್ಳುತ್ತದೆ, ಆರು ಗಂಟೆಗೊಮ್ಮೆ ದಿಕ್ಕನ್ನೂ ಬದಲಿಸುತ್ತದೆ. ನೀರು ಕೊರೆಯುವಷ್ಟು ತಣ್ಣಗೆ. ಮೈ ಉಜ್ಜಿ ಗಾಯವಾಗದಿರಲಿ ಎಂದು ಜಿಡ್ಡು ಬಳಿದುಕೊಳ್ಳುತ್ತಾರೆ. ಜೊತೆಗೆ ದೋಣಿ ಬರುತ್ತದೆ, ಆದರೆ ಅದನ್ನು ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಊಟವನ್ನೂ ದೋಣಿಯಿಂದ ಚಾಚಿ ಕೊಡಬೇಕು, ನೀರಿನಲ್ಲೇ ತೇಲುತ್ತಾ ತಿನ್ನಬೇಕು. 1958ರಲ್ಲಿ ಮಿಹಿರ್ ಸೇನ್ ಇದನ್ನು ದಾಟಿ, ದಾಟಿದ ಮೊದಲ ಭಾರತೀಯ ಎನಿಸಿದ್ದರು.

1959ರ ಆಗಸ್ಟ್ 27ರಂದು ಆರತಿ ಇಳಿದರು. ಅವರ ಜೊತೆ ಬರಬೇಕಿದ್ದ ದೋಣಿ 40 ನಿಮಿಷ ತಡವಾಗಿ ಬಂತು. ನಲವತ್ತು ನಿಮಿಷ ಏನು ಮಹಾ ಎನ್ನಬಹುದು. ನಾಲೆಯ ನೀರಿಗೆ ಪಾಳಿ ಇರುವ ಊರಿನವರು ಹಾಗೆ ಅನ್ನುವುದಿಲ್ಲ. ಅನುಕೂಲದ ಸೆಳೆತ ಕೈತಪ್ಪಿತು. ಇಂಗ್ಲೆಂಡಿನ ದಡ ಇನ್ನು ಐದು ಮೈಲಿ ಇದೆ ಎನ್ನುವಾಗ ಎದುರು ಸೆಳೆತ ಶುರುವಾಯಿತು. ಎಷ್ಟು ಕೈ ಬೀಸಿದರೂ ಮುಂದೆ ಹೋಗಲಾಗದೆ ಕೈಬಿಡಬೇಕಾಯಿತು.

ಊರಿಗೆ ವಾಪಸ್ ಬರಬಹುದಿತ್ತು. ಬರಲಿಲ್ಲ. ಸೆಪ್ಟೆಂಬರ್ 24ಕ್ಕೆ ಹತ್ತೊಂಬತ್ತು ತುಂಬಿತು. ಐದು ದಿನ ಬಿಟ್ಟು, 29ರಂದು, ಫ್ರಾನ್ಸಿನ ಕೇಪ್ ಗ್ರಿ ನೇ ಎಂಬಲ್ಲಿಂದ ಮತ್ತೆ ಇಳಿದರು. 16 ಗಂಟೆ 20 ನಿಮಿಷ. ಸೆಳೆತದಲ್ಲಿ ಸುತ್ತಿ ಬಳಸಿ ಈಜಿದ ದೂರ 42 ಮೈಲಿ, ಮೈಸೂರಿನಿಂದ ಚಾಮರಾಜನಗರವನ್ನೂ ದಾಟಿ ಹೋಗುವಷ್ಟು. ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಡ ಹತ್ತಿ ತ್ರಿವರ್ಣ ಧ್ವಜ ಹಾರಿಸಿದರು. ಆ ಕಾಲುವೆ ಈಜಿದ ಏಷ್ಯಾದ ಮೊದಲ ಹೆಣ್ಣು. 1960ರಲ್ಲಿ ಪದ್ಮಶ್ರೀ. 1994ರಲ್ಲಿ ಕಾಮಾಲೆಯಿಂದ ತೀರಿಕೊಂಡರು, ಐವತ್ತಮೂರೇ ವರ್ಷ.

ಇಬ್ಬರ ಬಾಲ್ಯವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಚಿಕ್ಕ ವಿಷಯ. ಒಬ್ಬಳನ್ನು ಚಿಕ್ಕಪ್ಪ ಘಟ್ಟಕ್ಕೆ ಜೊತೆಗೆ ಕರೆದೊಯ್ದ. ಇನ್ನೊಬ್ಬಳನ್ನು, ಮುಳುಗಿ ಎದ್ದವಳನ್ನು, ಅಪ್ಪ ಮತ್ತೆ ನೀರಿಗೆ ಕರೆದೊಯ್ದ. ಕೋಚ್, ಪದಕ, ಒಲಿಂಪಿಕ್ಸ್ ಎಲ್ಲ ಆಮೇಲೆ. ನೀರಿನ ವಿಷಯದಲ್ಲಿ ನಮ್ಮೂರಿಗೇನೂ ಬಡತನವಿಲ್ಲ. ಕೊಳ ಬೇಕು, ಟೈಲ್ಸ್ ಬೇಕು ಎಂದು ಕಾಯಬೇಕಾಗಿಯೂ ಇಲ್ಲ. ಅಣ್ಣ ಕಲಿತ ಬಾವಿ ಅಲ್ಲೇ ಇತ್ತು, ಬೆಂಡೂ ಇತ್ತು, ಕಲಿಸುವ ಮಾವನೂ ಇದ್ದ.

ಅಕ್ಕನ ಹತ್ತಿರ ಕಲಿತ ಇನ್ನೊಂದು ಮಾತನ್ನು ಇಲ್ಲಿ ಬರೆದೇ ಬಿಡುತ್ತೇನೆ, ಈಜು ಬಾರದವರಿಗೂ ಬೇಕಾದದ್ದು. ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ, ಅದು ಉಸಿರಿಗೇ ಸಾಲದು. ಕೈ ಎತ್ತಿ ಬೀಸುವುದೂ ಇಲ್ಲ, ನೀರನ್ನು ಕೆಳಕ್ಕೆ ಒತ್ತುತ್ತಿರುತ್ತಾರೆ. ದಡದವರಿಗೆ ಆಟವಾಡುತ್ತಿರುವ ಹಾಗೆ ಕಾಣುತ್ತದೆ. ಇದನ್ನು ಕೇಳಿದಾಗ ಚಿಕ್ಕಮ್ಮ ಯಾಕೆ ಕೂಗಲಿಲ್ಲ ಎನ್ನುವುದು ಇಪ್ಪತ್ತೈದು ವರ್ಷದ ಮೇಲೆ ಅರ್ಥವಾಯಿತು. ಅಂಥವರನ್ನು ಕಂಡರೆ ಇಳಿಯಬೇಡಿ. ಹಗ್ಗ, ಬಿದಿರು, ಒಂದಕ್ಕೊಂದು ಗಂಟು ಹಾಕಿದ ಸೀರೆ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಟ್ಯೂಬು, ಏನು ಸಿಗುತ್ತದೋ ಅದನ್ನು ಎಸೆಯಿರಿ. ಎಳೆಯುವಾಗ ದಡದ ಮೇಲೆ ಬೋರಲು ಮಲಗಿ ಎಳೆಯಿರಿ, ಇಲ್ಲದಿದ್ದರೆ ಅವರು ನಿಮ್ಮನ್ನೇ ಒಳಕ್ಕೆ ಎಳೆದುಕೊಳ್ಳುತ್ತಾರೆ. ಕೃಷಿ ಹೊಂಡ ಇರುವವರು ಒಂದು ಗೂಟ ನೆಟ್ಟು ಗಂಟು ಗಂಟಿನ ಹಗ್ಗವೊಂದನ್ನು ಒಳಗೆ ಇಳಿಬಿಡಿ. ಆ ಪ್ಲಾಸ್ಟಿಕ್ ಹಾಳೆಯ ಮೇಲೆ ಈಜು ಬಲ್ಲವರಿಗೂ ಕಾಲು ನಿಲ್ಲುವುದಿಲ್ಲ.

ನಾಲ್ಕನೇ ತಿಂಗಳಿನಲ್ಲಿ ನಾನು ಮೊದಲ ಸಲ ಕೊಳದ ಆಳದ ಕಡೆಗೆ ಹೋದೆ. ಕೆಳಗೆ ನೀಲಿ ಗೆರೆ ದೂರ ಸರಿಯುತ್ತಾ ಹೋಯಿತು, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಬಿಡು, ಎಳೆದುಕೋ, ಬಿಡು, ಎಳೆದುಕೋ ಎಂದು ಎಣಿಸುತ್ತಾ ಹೋದೆ. ಕೈಗೆ ಗೋಡೆ ಸಿಕ್ಕಿತು. ಐವತ್ತು ಮೀಟರ್. ಎಷ್ಟು ಹೊತ್ತಾಯಿತು ಎಂದು ಅಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಣ್ಣನ ಮಗಳಿಗೆ ಈಗ ಒಂಬತ್ತು. ದಸರಾ ರಜೆಗೆ ಅವಳನ್ನು ಮೈಸೂರಿಗೆ ಕಳಿಸು ಎಂದು ಫೋನ್ ಮಾಡಿದೆ. ಅಣ್ಣ ತಕ್ಷಣ ಒಪ್ಪಿದ. ಫೋನನ್ನು ಅವ್ವನ ಕೈಗೆ ಕೊಟ್ಟ.

‘ದೀಪ ನೋಡಾಕಾ?’

‘ದೀಪಾನೂ ನೋಡ್ಲಿ. ಈಜು ಕಲಿಸ್ತೀನಿ.’

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಹಿತ್ತಲಲ್ಲಿ ಯಾರೋ ಬಟ್ಟೆ ಕುಕ್ಕುವ ಸದ್ದು ಕೇಳುತ್ತಿತ್ತು.

‘ನೀನು ಕಲ್ತಿದ್ದೀಯಾ?’

‘ಕಲೀತಿದೀನವ್ವ. ಐವತ್ತು ಮೀಟ್ರು ಹೋಗ್ತೀನಿ.’

‘ಐವತ್ತು ಮೀಟ್ರು ಅಂದ್ರೆ ಎಷ್ಟು?’

ಸ್ವಲ್ಪ ಯೋಚಿಸಿ, ‘ನಾಲೆ ಮೆಟ್ಲಿಂದ ತೂಬಿನ ತಂಕ’ ಎಂದೆ.

‘ಕಳಿಸ್ತೀನಿ. ಬಟ್ಟೆ ಎರಡು ಜೊತೆ ಮಡಗ್ಲಾ, ಮೂರಾ?’ ಎಂದಳು ಅವ್ವ.